ಅಗೆದವನು ಮೊದಲು ತಿನ್ನಬೇಕು

5 ಜುಲೈ 1981, ಭಾನುವಾರ

ಬಿದಿರು ಉಜ್ಜಿ ಬೆಂಕಿ ತೆಗೆಯುವುದು ಇವತ್ತೂ ಆಗಲಿಲ್ಲ. ಹೊಗೆ ಬಂತು, ಅಷ್ಟೇ. ಅಂಗೈಯಲ್ಲಿ ಎರಡು ಬೊಬ್ಬೆ. ಹಿತ್ತಲಿಗೆ ಬಂದು ನೋಡಿದ ಅಮ್ಮ, "ಮನೇಲಿ ಬೆಂಕಿಪೊಟ್ಟಣ ಇಲ್ವೇನೋ ಅನಂತು?" ಎಂದರು. ಕಾಡಿನಲ್ಲಿ ಬದುಕುವ ವಿದ್ಯೆಯನ್ನು ತ್ಯಾಗರಾಜನಗರದ ಹಿತ್ತಲಲ್ಲಿ ನಿಂತು ವಿವರಿಸುವುದು ಕಷ್ಟ.

ಬೆಳಿಗ್ಗೆ ನಾನು, ಬದರಿ, ಗುರುಶಾಂತಪ್ಪ ಮೂವರೂ ಬನ್ನೇರುಘಟ್ಟದ ಬಸ್ಸು ಹಿಡಿದು ಹನುಮಯ್ಯನ ಹತ್ತಿರ ಹೋಗಿದ್ದೆವು. ಕಾಡಂಚಿನ ಊರಿನವನು, ವಯಸ್ಸು ಎಪ್ಪತ್ತರ ಮೇಲೆ. ಗೆಡ್ಡೆ ಅಗೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಟೀ ಅಂಗಡಿಯವನು ಹೇಳಿದ್ದ. ಹನುಮಯ್ಯ ಪೊದೆಯ ಮೇಲೆ ಹಬ್ಬಿದ, ತಿನ್ನುವ ಗೆಡ್ಡೆಯ ಬಳ್ಳಿಯ ಎಲೆ ತೋರಿಸಿದ. ಹೃದಯದ ಆಕಾರ. ಆ ಬಳ್ಳಿಯನ್ನು ಕೈಯಲ್ಲಿ ಹಿಡಿದು ನೆಲದವರೆಗೂ ಸವರಿಕೊಂಡೇ ಹೋಗಬೇಕು.

"ಹಿಡ್ದ ಕೈ ಬುಡಬ್ಯಾಡಿ ಸ್ವಾಮಿ. ಒಂದೇ ಪೊದೇಲಿ ನಾಕು ಥರದ ಬಳ್ಳಿ ಇರ್ತವೆ."

ಇನ್ನೊಂದು ನಿಯಮ. ಅಗೆದವನು ಮೊದಲು ತಿನ್ನಬೇಕು. ಉಳಿದವರು ಒಂದು ರಾತ್ರಿ ಕಾಯಬೇಕು. ಅವರ ಊರಿನಲ್ಲಿ ಹಸಿದ ಮಕ್ಕಳು ಅಳುತ್ತಿದ್ದರೂ ಇದು ತಪ್ಪುವುದಿಲ್ಲವಂತೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗುರುಶಾಂತಪ್ಪ "ಅಗೆದವನು ಸತ್ರೆ?" ಎಂದು ಕೇಳಿದ. ಬ್ಯಾಂಕಿನಲ್ಲಿ ಕೂತು ಕೂತು ಅವನಿಗೆ ಎಲ್ಲದರಲ್ಲೂ ರಿಸ್ಕೇ ಕಾಣಿಸುತ್ತದೆ. ಹನುಮಯ್ಯ ನಗಲಿಲ್ಲ. "ಮಿಕ್ಕೋರು ಉಳ್ಕತಾರೆ" ಎಂದ.

8 ಜುಲೈ, ಬುಧವಾರ

ಹನುಮಯ್ಯನ ಊರಿನ ಕಾಡಂಚಿನಲ್ಲಿ ನಮ್ಮ ಕ್ಯಾಂಪ್ ಈ ಶನಿವಾರವೇ. ನನ್ನ ಕಂಡೀಷನ್‌ಗಳು: ಬೆಂಕಿಪೊಟ್ಟಣ ಇಲ್ಲ, ಸ್ಟೌ ಇಲ್ಲ, ಟೆಂಟ್ ಇಲ್ಲ. ಮಚ್ಚು, ಹಗ್ಗ, ಒಂದು ಟಾರ್ಪಾಲು. ಸೆಪ್ಟೆಂಬರಿನಲ್ಲಿ ಹದಿನೈದು ದಿನ ಘಟ್ಟದಲ್ಲಿ ನಡೆಯುವವರು ಒಂದು ರಾತ್ರಿಯಾದರೂ ಹೀಗೆ ಕಳೆದಿರಬೇಡವೇ?

ಒಂದು ತೊಡಕು. ಭಾನುವಾರ ಪ್ರಥಮ ಏಕಾದಶಿ. ಬದರಿಯ ತಾಯಿ ಅಲಮೇಲಮ್ಮ ಒಪ್ಪುತ್ತಿಲ್ಲ. ಸಂಜೆ ಜಯನಗರಕ್ಕೆ ಹೋಗಿ ನಾನೇ ಮಾತಾಡಿದೆ. ಗೆಡ್ಡೆಗೆಣಸು ಫಲಾಹಾರಕ್ಕೆ ಆಗುತ್ತದಲ್ಲ, ಕಾಡಿನಲ್ಲಿ ಅದೇ ತಾನೇ ಸಿಗುವುದು ಎಂದೆ. ಯೋಚಿಸಿದರು. "ಅನ್ನ, ಅವಲಕ್ಕಿ, ಬ್ರೆಡ್ಡು ಏನೂ ಮುಟ್ಟಕೂಡದು. ಗೆಣಸು ಆಗಬಹುದು. ಇರೋನು ಇವನೊಬ್ಬ ಅನಂತು, ನಿನ್ನ ನಂಬಿ ಕಳಿಸ್ತಿದೀನಿ" ಎಂದರು. ಬದರಿ ಅವರ ಬೆನ್ನ ಹಿಂದೆ ನಿಂತು ಕಣ್ಣು ಮಿಟುಕಿಸಿದ. ನನ್ನ ವಾದಕ್ಕೆ ನನಗೇ ಖುಷಿಯಾಯಿತು.

11 ಜುಲೈ, ಶನಿವಾರ. ಸಂಜೆ 7, ಕ್ಯಾಂಪ್

ಬೆಂಕಿ ಹತ್ತಿತು! ಗುರುಶಾಂತಪ್ಪ ಕಳ್ಳತನದಲ್ಲಿ ತಂದ ಬೆಂಕಿಪೊಟ್ಟಣದಿಂದ. ಬಯ್ದೆ, ಆದರೆ ಆರಿಸಲಿಲ್ಲ. ಸೊಪ್ಪಿನ ಮಾಡು ಚೆನ್ನಾಗಿ ಬಂದಿದೆ, ಗಂಟುಗಳೆಲ್ಲ ನನ್ನವು.

ಹನುಮಯ್ಯ ಊರಲ್ಲಿಲ್ಲ. ಕಗ್ಗಲೀಪುರಕ್ಕೆ ತಂಗಿಯ ಮನೆಗೆ ಹೋಗಿದ್ದಾನೆ. ಅವನ ಹೆಂಡತಿ ತಿಮ್ಮಕ್ಕ ಬಾಗಿಲಲ್ಲೇ ನಿಂತು, "ಅವ್ರಿಲ್ದೆ ಅಗೀಬ್ಯಾಡಿ ಅಂದವ್ರೆ" ಎಂದಳು. ಗುರುಶಾಂತಪ್ಪ ವಾಪಸ್ ಹೋಗೋಣ ಎಂದ. ಕೌಂಟರಿನ ಹಿಂದಿನ ಹುಲಿ ಎಂದು ದಾರಿಯುದ್ದಕ್ಕೂ ಗೋಳು ಹೊಯ್ದುಕೊಂಡೆವು.

ಬಳ್ಳಿ ಹುಡುಕಿದವನು ನಾನು, ಅಗೆದವನೂ ನಾನೇ. ಕತ್ತಲಾಗುತ್ತಿತ್ತು. ಎಲೆ ಸರಿಯಾಗಿ ನೋಡಿಯೇ ಹಿಡಿದೆ. ನಡುವೆ ಒಮ್ಮೆ ಕುತ್ತಿಗೆಗೆ ಇರುವೆ ಕಚ್ಚಿತು. ಎರಡೂವರೆ ಅಡಿ ಅಗೆದ ಮೇಲೆ ಸಿಕ್ಕಿತು. ಹನುಮಯ್ಯ ತೋರಿಸಿದ್ದು ನೇರವಾಗಿ, ಮೈತುಂಬ ಬೇರಿನ ಎಳೆ ಇದ್ದದ್ದು. ಇದು ನುಣ್ಣಗಿದೆ, ನೇಗಿಲಿನ ಹಾಗೆ ಬಾಗಿದೆ. ಕಲ್ಲು ಅಡ್ಡ ಬಂದಿರಬೇಕು. ನಾಲ್ಕೈದು ಸಿಕ್ಕಿದವು. ಕೆಂಡದಲ್ಲಿ ಸುಟ್ಟು ಒಂದು ತುಂಡು ತಿಂದೆ. ಸ್ವಲ್ಪ ಕಹಿ. ಇನ್ನು ಬೆಳಗಾಗುವವರೆಗೆ ಇವರು ನನ್ನ ಮುಖ ನೋಡಿಕೊಂಡಿರಬೇಕು.

12 ಜುಲೈ, ಭಾನುವಾರ. ಬೆಳಿಗ್ಗೆ 9

ರಾತ್ರಿ ಕಳೆಯಿತು. ಬದರಿ ಎರಡು ಸಲ ಎಬ್ಬಿಸಿ, "ಬದುಕಿದ್ದೀಯೇನೋ ಮಗಾ?" ಎಂದು ವಿಚಾರಿಸಿದ.

ಬೆಳಿಗ್ಗೆ ತೊರೆಯಲ್ಲಿ ಮುಖ ತೊಳೆದು ಬಂದು ಕೇಳಿದ.

"ಏನೂ ಆಗ್ಲಿಲ್ವಾ?"

"ಕಲ್ಲುಗುಂಡಿನ ಹಾಗಿದೀನಿ."

ಉಳಿದ ಗೆಡ್ಡೆಯಲ್ಲಿ ಮೂರನ್ನು ಸುಟ್ಟು ಬೆಲ್ಲದ ಜೊತೆ ಪೂರ್ತಿ ತಿಂದ. ಹಸಿದಿದ್ದ, ಪಾಪ. ಗುರುಶಾಂತಪ್ಪ ನಾಲಿಗೆಗಿಟ್ಟು ಉಗಿದ, ಕಹಿ ಎಂದ, ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡ. ನಾನೂ ಬ್ರೆಡ್ ತಿಂದೆ. ಬದರಿಗೆ ಕಡಿಮೆ ಬಿದ್ದೀತು ಎಂದು.

ಅದೇ ದಿನ, ರಾತ್ರಿ

ಬಸ್ಸು ಗೊಟ್ಟಿಗೆರೆ ದಾಟುವ ಹೊತ್ತಿಗೆ ಬದರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದ. ಆಮೇಲೆ ನಿಲ್ಲಲೇ ಇಲ್ಲ. ಕಂಡಕ್ಟರ್ ಬಯ್ದು ಇಳಿಸಿದ. ಆಟೋದಲ್ಲಿ ಮನೆಗೆ ಬಿಟ್ಟೆವು. ಬಿಸಿಲು, ಖಾಲಿ ಹೊಟ್ಟೆ, ಬೆಲ್ಲ... ಅದೇ ಇರಬೇಕು.

ನಿದ್ದೆ ಬರುತ್ತಿಲ್ಲ.

13 ಜುಲೈ, ಸೋಮವಾರ

ಬೆಳಗಿನ ಜಾವ ಬದರಿಯನ್ನು ನರ್ಸಿಂಗ್ ಹೋಮಿಗೆ ಸೇರಿಸಿದ್ದಾರೆ. ವಾಂತಿ, ಭೇದಿ ನಿಂತಿಲ್ಲ. ಕಣ್ಣು ಗುಳಿ ಬಿದ್ದಿವೆ. ಆಫೀಸಿಗೆ ಹೋಗದೆ ಅಲ್ಲಿಗೇ ಓಡಿದೆ. ಡಾಕ್ಟರು ನನ್ನನ್ನು ಕರೆಸಿ ವಿಚಾರಿಸಿದರು.

"ಏನೇನು ತಿಂದ್ರಿ?"

"ಬ್ರೆಡ್ಡು, ಅವಲಕ್ಕಿ... ಇವನು ಗೆಡ್ಡೆ ತಿಂದ ಸಾರ್. ಏಕಾದಶಿ."

"ಎಂಥ ಗೆಡ್ಡೆ? ಇವರೊಬ್ಬರೇನಾ ತಿಂದಿದ್ದು?"

ಪಕ್ಕದಲ್ಲಿ ಅಲಮೇಲಮ್ಮ, ಗುರುಶಾಂತಪ್ಪ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಗುರುಶಾಂತಪ್ಪನೇ, "ಇವನು ಹಿಂದಿನ ದಿನಾನೇ ತಿಂದಿದ್ದ ಡಾಕ್ಟ್ರೇ, ಟೆಸ್ಟ್ ಮಾಡಕ್ಕೆ" ಎಂದ.

"ಹೌದಾ?"

"ಹೌದು ಸಾರ್" ಎಂದೆ.

"ಹಾಗಿದ್ರೆ ಗೆಡ್ಡೆ ಅಲ್ಲ. ನೀರು." ಕೇಸ್ ಶೀಟಿನಲ್ಲಿ ಬರೆದರು. ಸಲೈನ್ ಹಾಕಿಸಿದರು.

ಶನಿವಾರದ ಪುಟ ಈಗ ತೆಗೆದು ನೋಡಿದೆ. ತಿಂದೆ ಎಂದು ಬರೆದಿದ್ದೇನೆ. ತಿನ್ನಲಿಲ್ಲ. ಬಾಯಿಗಿಟ್ಟೆ, ವಿಪರೀತ ಕಹಿ, ಹೆದರಿಕೆಯಾಯಿತು. ಸೌದೆ ತರುವ ನೆಪದಲ್ಲಿ ಎದ್ದು ಹೋಗಿ ಪೊದೆಯ ಹಿಂದೆ ಉಗಿದೆ, ನೀರು ಮುಕ್ಕಳಿಸಿದೆ. ವಾಪಸ್ ಬಂದು ಹೊಟ್ಟೆ ಸವರಿಕೊಂಡೆ. ಇಡೀ ದಿನ ಗುರುಶಾಂತಪ್ಪನನ್ನು ಪುಕ್ಕಲ ಎಂದು ಆಡಿಕೊಂಡವನು ಉಗಿದೆ ಎಂದು ಹೇಗೆ ಹೇಳಲಿ? ಯಾರೂ ಓದದ ಈ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ನಾಚಿಕೆಯಾಗುತ್ತಿದೆ.

ಇರುವೆ ಕಚ್ಚಿದಾಗ ಬಳ್ಳಿ ಬಿಟ್ಟಿದ್ದೆ. ಅದನ್ನೂ ಬರೆದಿಲ್ಲ.

14 ಜುಲೈ, ಮಂಗಳವಾರ

ವಾಂತಿ ನಿಂತಿದೆ. ಗಂಜಿ ಕುಡಿದ. "ಮುಂದಿನ ಸಲ ಏಕಾದಶಿಗೆ ನಿನ್ನ ಜೊತೆ ಕಾಡಿನ ಕಡೆ ತಲೆ ಹಾಕಲ್ಲ ಅನಂತು" ಎಂದ. ನಕ್ಕೆವು. ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. ಹೇಳದೇ ಇದ್ದದ್ದೇ ಒಳ್ಳೆಯದಾಯಿತು. ನೀರೇ ಇರಬೇಕು.

15 ಜುಲೈ, ಬುಧವಾರ

ಆದರೂ ಮನಸ್ಸು ಕೇಳಲಿಲ್ಲ. ಬ್ಯಾಗಿನಲ್ಲಿ ಒಂದು ಗೆಡ್ಡೆ ಉಳಿದಿತ್ತು. ಪೇಪರಿನಲ್ಲಿ ಸುತ್ತಿಕೊಂಡು ಹನುಮಯ್ಯನ ಊರಿಗೆ ಹೋದೆ. ಜಗಲಿಯ ಮೇಲೆ ಕೂತು ಮಂಕರಿ ಹೆಣೆಯುತ್ತಿದ್ದ. ಪೇಪರು ಬಿಚ್ಚಿದೆ. ಅವನು ಮುಟ್ಟಲಿಲ್ಲ.

"ಇದು ಗೌರಿ ಹೂವಿನ ಬಳ್ಳೀದು. ಎಲೆ ತುದಿ ಸುರುಳಿ ಸುತ್ಕಂಡಿರ್ತದಲ್ಲ, ಅದು, ಪೂರಾ ವಿಷ. ಯಾರು ತಿಂದೋರು?"

"ನಾನು ಒಂದು ಚೂರು. ಸ್ನೇಹಿತ ಮೂರು."

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ತಿಂದಿಲ್ಲ ಸ್ವಾಮಿ" ಎಂದ. ಕೋಪವಿರಲಿಲ್ಲ ಮಾತಿನಲ್ಲಿ. ಅದೇ ಹೆಚ್ಚು ನೋಯಿಸಿತು.

ಬದರಿ ಈಗ ಹುಷಾರಾಗಿದ್ದಾನೆ, ನಿನ್ನೆ ಗಂಜಿ ಕುಡಿದ ಎಂದೆ. ತಿಮ್ಮಕ್ಕ ಒಳಗಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ತಿಂದೋರೆಲ್ಲಾ ಹಂಗೇಯ" ಎಂದ ಹನುಮಯ್ಯ. "ಒಂದೆರಡು ದಿನ ಎದ್ ಕುಂತ್ಕತಾರೆ. ನಮ್ಮಣ್ಣನ ಮಗಳೂ ಎದ್ದು ತಲೆ ಬಾಚ್ಕಂಡ್ಳು. ಇಲ್ಲಿ ಕುಂತು ನನ್ ಕೇಳಿದ್ರೆ ಏನ್ ಬಂತು? ಹೋಗಿ ಡಾಕ್ಟ್ರುಗೆ ಯೋಳಿ. ಈಗ್ಲೇ ಹೋಗಿ."

ಅವಳು ಏನಾದಳು ಎಂದು ಕೇಳುವ ಧೈರ್ಯವಾಗಲಿಲ್ಲ.

ನಾಲ್ಕು ಗಂಟೆಗೆ ನರ್ಸಿಂಗ್ ಹೋಮ್. ಹೇಳಬೇಕೆಂದೇ ಹೋದೆ. ಬದರಿ ದಿಂಬಿಗೊರಗಿ ಕೂತು ಕಾಫಿ ಕುಡಿಯುತ್ತಿದ್ದ. ಡಾಕ್ಟರು ನಾಳಿದ್ದು ಮನೆಗೆ ಕಳಿಸುತ್ತಾರಂತೆ. ಕಾರಿಡಾರಿನಲ್ಲಿ ಅವರು ಎದುರಿಗೇ ಸಿಕ್ಕಿ, "ನಿಮ್ಮ ಫ್ರೆಂಡು ಗಟ್ಟಿಗ" ಎಂದು ನನ್ನ ಭುಜ ತಟ್ಟಿದರು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹನುಮಯ್ಯ ಓದಿದವನಲ್ಲ. ಊರಿನವರು ಒಂದಕ್ಕೆ ಹತ್ತು ಸೇರಿಸಿ ಹೇಳುತ್ತಾರೆ.

ಗೆಡ್ಡೆಯನ್ನು ಮೋರಿಗೆ ಎಸೆದೆ.

16 ಜುಲೈ, ಗುರುವಾರ

ಬದರಿಯ ವಸಡಿನಲ್ಲಿ ರಕ್ತ. ಕೈಕಾಲು ಜೋಮು ಹಿಡಿದಿದೆ ಎನ್ನುತ್ತಾನೆ. ಬೆಳಗಿನಿಂದ ಮೂತ್ರವಾಗಿಲ್ಲ. ಡಾಕ್ಟರಿಗೆ ಅರ್ಥವಾಗುತ್ತಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು.

ಆಂಬುಲೆನ್ಸ್ ಕಾಯುವಾಗ ಅಲಮೇಲಮ್ಮ ನನ್ನ ಕೈ ಹಿಡಿದುಕೊಂಡರು. "ಅವನಿಗೋಸ್ಕರ ನೀನು ಮೊದಲು ತಿಂದು ನೋಡಿದೆಯಂತೆ. ಗುರುಶಾಂತ ಹೇಳಿದ. ಒಡಹುಟ್ಟಿದೋರೂ ಮಾಡಲ್ಲ ಅನಂತು" ಎಂದರು. ಅವರ ಕೈ ತಣ್ಣಗಿತ್ತು. ಬಿಡಿಸಿಕೊಳ್ಳಲು ಆಗಲಿಲ್ಲ.

ಬದರಿ ಸ್ಟ್ರೆಚರಿನ ಮೇಲಿಂದ, "ನೀನು ತಿಂದು ಚೆನ್ನಾಗಿದೀಯಲ್ಲ, ಅದಕ್ಕೇ ನಂಗೆ ಭಯ ಇಲ್ಲ" ಎಂದ.

ನಾಳೆ ಹೇಳುತ್ತೇನೆ. ಖಂಡಿತ.

18 ಜುಲೈ, ಶನಿವಾರ. ಬೆಳಿಗ್ಗೆ 9.40, ಆಸ್ಪತ್ರೆ

ನಿನ್ನೆ ಹೋಗಲಿಲ್ಲ. ಜ್ವರ ಎಂದು ಮನೆಯಲ್ಲಿ ಹೊದ್ದು ಮಲಗಿದ್ದೆ. ಜ್ವರವಿರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ ಬಾಗಿಲು ಎಳೆದುಕೊಂಡು ಹೋದರು.

ಇವತ್ತು ಆರು ಗಂಟೆಯಿಂದ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದೇನೆ. ಒಳಗೆ ಬಿಡುತ್ತಿಲ್ಲ. ಗುರುಶಾಂತಪ್ಪ ರಕ್ತ ತರಲು ಹೋಗಿದ್ದಾನೆ. ಅಲಮೇಲಮ್ಮನನ್ನು ಸ್ನಾನ ಮಾಡಿ ಬನ್ನಿ ಎಂದು ಬಲವಂತವಾಗಿ ಮನೆಗೆ ಕಳಿಸಿದವನು ನಾನೇ. ಅವರ ಎದುರಿಗೆ ಹೇಳಲಾರೆ. ದೊಡ್ಡ ಡಾಕ್ಟರು ಹತ್ತಕ್ಕೆ ಬರುತ್ತಾರಂತೆ. ಮೂರು ವಾಕ್ಯ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅವನು ತಿಂದದ್ದು ಗೌರಿ ಹೂವಿನ ಗೆಡ್ಡೆ. ನಾನು ತಿಂದಿರಲಿಲ್ಲ. ಇದು ನನಗೆ ಬುಧವಾರವೇ ಗೊತ್ತಿತ್ತು. ಮೂರನೆಯದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

9.50. ನರ್ಸ್ ಬಾಗಿಲಿಗೆ ಬಂದು, "ಬದರಿನಾಥ್ ಕಡೆಯೋರು ಯಾರಿದೀರಿ?" ಎಂದು ಕೇಳಿದಳು. ನಾನೊಬ್ಬನೇ ಇದ್ದೆ. ಕೈ ಎತ್ತಿದೆ. ಡಾಕ್ಟರು ಬರ್ತಾರೆ, ಇಲ್ಲೇ ಇರಿ ಎಂದಳು. ಮನೆಯವರು ಯಾರೂ ಇಲ್ವಾ ಎಂದು ಮತ್ತೆ ಕೇಳಿದಳು.

ಬರುತ್ತಿದ್ದಾರೆ. ಹತ್ತಕ್ಕಿಂತ ಮೊದಲೇ. ಕುತ್ತಿಗೆಯಿಂದ ಸ್ಟೆತಾಸ್ಕೋಪ್ ತೆಗೆದು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಾರೆ. ಹೇಳುವುದು ನನಗಿತ್ತು. ಅವರ ಮುಖ ನೋಡಿದರೆ ಅವರಿಗೇ ನನ್ನ ಹತ್ತಿರ ಏನೋ ಹೇಳುವುದಿರುವ ಹಾಗಿದೆ.