ದಂಟು ಏಳುವ ಮುನ್ನ

ಮನೆಯಿಂದ,
ಬುಧವಾರ ಬೆಳಿಗ್ಗೆ

ಅಕ್ಕನ ಮನೆಯಲ್ಲಿ ಬೀಡುಬಿಟ್ಟಿರುವ ನಮ್ಮ ಮನೆಯವರಿಗೆ ನಮಸ್ಕಾರಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ನಾವು ಅಂದರೆ ನಾನು ಮತ್ತು ಗೋಧಿ. ಮಗಳು ಬಂದು ಎರಡು ದಿನ ಇದ್ದು, ನಿಮ್ಮ ಕುರ್ಚಿಯ ಮೇಲೆ ಬಟ್ಟೆ ಒಣಹಾಕಿದ್ದೇನೆಂದು ನನ್ನನ್ನು ಬೈದು ಹೋದಳು.

ಮೊನ್ನೆ ಅತ್ತಿಗೆಯವರು ಫೋನ್ ಮಾಡಿದ್ದರು. ಹಸುಗಳನ್ನೆಲ್ಲ ಮಾರುತ್ತಿದ್ದೀರಂತೆ, ಸೋಮವಾರ ದಲ್ಲಾಳಿ ಲಾರಿ ತರುತ್ತಾನಂತೆ. ತಮ್ಮ ಹೇಳಬೇಡ ಅಂದಿದಾನೆ, ಆದ್ರೂ ಹೇಳ್ತಿದೀನಿ ಅಂದರು. ಅವರ ಬಾಯಲ್ಲಿ ಗುಟ್ಟು ನಿಲ್ಲದಿರುವುದು ಈ ಸಲ ಒಳ್ಳೆಯದೇ ಆಯಿತು. ನಾನು ಫೋನಿನಲ್ಲಿ ಮಾತು ತೆಗೆದರೆ ನೀವು ಹೂಂ ಹೂಂ ಅಂದು ಹಸುಗಳಿಗೆ ನೀರು ತೋರಿಸಲು ಹೋಗಿಬಿಡುತ್ತೀರಿ. ಅದಕ್ಕೇ ಕಾಗದ ಬರೆದು ಹಾಲಿನ ವ್ಯಾನಿನವನ ಕೈಗೆ ಕೊಡುತ್ತಿದ್ದೇನೆ. ಕಾಗದದ ಮಾತಿಗೆ ಅಡ್ಡ ಬಂದು ಎದ್ದುಹೋಗಲು ಆಗುವುದಿಲ್ಲ.

ಹೋದ ವರ್ಷದ ಸಂಗತಿಯನ್ನು ಒಮ್ಮೆ ಆಡಿ ಮುಗಿಸೋಣ. ಅಪ್ಪನ ಕಾಲದಿಂದ ಗೋಧಿಯ ಮೇಲೆ ಗೋಧಿ ಬಿತ್ತಿ ಹೊಲ ಬಳಲಿದೆ ಎಂದಿರಿ. ಎಳೆ ಗೋಧಿಯನ್ನು ಹಸು ಮೇಯ್ದರೆ ಬುಡ ಒಡೆದು ದಟ್ಟವಾಗುತ್ತದೆ, ಸಗಣಿಯೂ ಬೀಳುತ್ತದೆ, ದಂಟು ಏಳುವ ಮುನ್ನ ಹಸುಗಳನ್ನು ಹೊರಗೆ ತಂದರೆ ತೆನೆಗೆ ಕೇಡಿಲ್ಲ ಎಂದಿರಿ. ನಾನು ಒಪ್ಪಿದೆ. ಒಪ್ಪು ಅಂತ ಯಾರೂ ನನ್ನ ಕುತ್ತಿಗೆ ಮೇಲೆ ಕೂತಿರಲಿಲ್ಲ.

ನೀವು ದಿನವೂ ಒಂದು ಗಿಡ ಕಿತ್ತು, ಬುಡವನ್ನು ಉಗುರಿನಿಂದ ಸೀಳಿ, ಒಳಗೆ ಟೊಳ್ಳಾಗಿದೆಯೇ ಎಂದು ನೋಡುತ್ತಿದ್ದಿರಿ. ಟೊಳ್ಳು ಕಂಡರೆ ದಂಟು ಎದ್ದಿತೆಂದು ಲೆಕ್ಕ. ಇನ್ನೂ ಇಲ್ಲ, ಇನ್ನೊಂದು ವಾರ ಮೇಯಲಿ ಅಂದಿರಿ. ಕೊಯ್ಲಿನ ಹೊತ್ತಿಗೆ ಕೆಳಗಿನ ಹೊಲದಲ್ಲಿ ತೆನೆಗಳನ್ನು ಹುಡುಕಬೇಕಾಯಿತು. ನಾನು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಿರುಗಿ ಬೈದು ಇಲ್ಲೇ ಇರುತ್ತಿದ್ದಿರೇನೋ. ಬಾಯಿ ಹೊಲಿದುಕೊಂಡವಳ ಎದುರು ಕೂತು ಉಣ್ಣೋದು ಕಷ್ಟ ಅಂತ ಮಗಳ ಹತ್ತಿರ ಹೇಳಿದಿರಂತೆ. ನನಗೆ ಸಿಟ್ಟಿರಲಿಲ್ಲ. ಏನು ತಪ್ಪಾಯಿತು ಎಂಬುದು ತಲೆಗೆ ಹತ್ತಿರಲಿಲ್ಲ, ಅಷ್ಟೆ. ಅದನ್ನು ಯೋಚಿಸುತ್ತ ಕೂತಿದ್ದಾಗಲೇ ನೀವು ಹಸುಗಳನ್ನು ಹೊಡೆದುಕೊಂಡು ಹೊರಟಿರಿ.

ಈ ಸಲ ಬೀಜ ತರಲು ಹೋದಾಗ ಕೃಷಿ ಅಧಿಕಾರಿಯನ್ನು ಕೇಳಿದೆ. ಯಾವ ಗಿಡ ಸೀಳಿ ನೋಡಿದ್ರಿ ಅಂದಳು. ಹಸು ಮೇಯ್ದದ್ದನ್ನೇ ಅಂದೆ. ಹಸು ಬಾಯಿ ಹಾಕಿದ ಗಿಡದಲ್ಲಿ ಟೊಳ್ಳು ತಡವಾಗಿ ಕಾಣುತ್ತದಂತೆ, ಹಸು ಮುಟ್ಟದ ಗಿಡವೇ ನಿಜ ಹೇಳುವುದಂತೆ. ಹೊಲದ ಒಂದು ಮೂಲೆಗೆ ಬೇಲಿ ಹಾಕಿ ಹಾಗೇ ಬಿಟ್ಟು, ಅಲ್ಲಿಯ ಗಿಡವನ್ನು ಸೀಳಬೇಕಂತೆ. ಇದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಷ್ಟಕ್ಕೆ ನೀವು ಗಂಟುಮೂಟೆ ಕಟ್ಟಿದಿರಿ, ಈಗ ಹಸುಗಳನ್ನೂ ಮಾರಲು ಹೊರಟಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಇನ್ನೆಲ್ಲಿ ಹುಡುಕಲಿ?

ಕೆಳಗಿನ ಹೊಲಕ್ಕೆ ಈ ವರ್ಷ ಬಟಾಣಿ ಹಾಕಿದ್ದೇನೆ. ತೆನೆ ಕಳೆದ ನೆಲ ಅದೇ, ಆದರೆ ಹಸುಗಳು ಓಡಾಡಿದ ಆ ಮಣ್ಣು ಹಿಡಿಯಲ್ಲಿ ಪುಡಿಪುಡಿಯಾಗಿ ಉದುರುತ್ತಿದೆ. ಅಗೆದಲ್ಲೆಲ್ಲ ಎರೆಹುಳು. ಗೋಧಿಯ ವೇಷ ಹಾಕಿಕೊಂಡು ಬರುತ್ತಿದ್ದ ಕಳೆಯೂ ಅರ್ಧಕ್ಕರ್ಧ ಇಳಿದಿದೆ. ದಿಣ್ಣೆಯ ಮೇಲೆ ಮೇವಿನ ಹುಲ್ಲು ಬಿತ್ತಿದ್ದೇನೆ. ಗೋಧಿ ಇರುವುದು ಮೇಲಿನ ಹೊಲದಲ್ಲಿ ಮಾತ್ರ. ಮುಂದಿನ ವರ್ಷ ಅದು ಬಟಾಣಿಯ ಜಾಗಕ್ಕೆ, ಬಟಾಣಿ ದಿಣ್ಣೆಗೆ, ಹುಲ್ಲು ಮೇಲಕ್ಕೆ. ಹೀಗೆ ಸರದಿ ಸುತ್ತಬೇಕೆಂದು ನೀವು ಹೇಳಿದಾಗಲೆಲ್ಲ ನಾನು ಪಾತ್ರೆ ಸದ್ದುಮಾಡುತ್ತಿದ್ದೆ. ಪಾತ್ರೆ ತೊಳೆಯುವಾಗಲೂ ಕಿವಿ ಕೇಳಿಸುತ್ತದೆ, ತಿಳಿದಿರಲಿ.

ಮೇಲಿನ ಹೊಲದ ಗೋಧಿ ಈಗ ಗೇಣುದ್ದ ಬಂದಿದೆ. ಬೇರು ಗಟ್ಟಿಯಾಗಿದೆ, ಕೈಯಲ್ಲಿ ಎಳೆದರೂ ಬರುವುದಿಲ್ಲ. ಮೂಲೆಗೆ ಬೇಲಿಯನ್ನು ನಾನೇ ಹಾಕಿದೆ, ತಂತಿ ಎಳೆದು ಬೆರಳು ಕುಯ್ದುಕೊಂಡೆ. ಮಳೆ ಬಿದ್ದ ದಿನ ಹಸುಗಳನ್ನು ಹೊಲಕ್ಕೆ ಇಳಿಸಬಾರದು, ನೆಲ ತುಳಿದು ಗಟ್ಟಿಯಾಗುತ್ತದೆ. ಮೇಯಿಸಲು ಉಳಿದಿರುವುದು ಕೆಲವೇ ವಾರ. ಸೋಮವಾರ ಲಾರಿ ಬಂದು ಹೋದ ಮೇಲೆ ನಿಮಗೆ ಬುದ್ಧಿ ಬಂದರೆ ಏನೂ ಪ್ರಯೋಜನವಿಲ್ಲ. ಆ ಹಾಯುವ ಕೆಂದ ಹಸುವನ್ನು ನಮ್ಮನ್ನು ಬಿಟ್ಟರೆ ಇನ್ನಾರು ತಾಳಿಕೊಳ್ಳುತ್ತಾರೆ? ನನ್ನ ತೊಡೆಯ ಮೇಲೆ ಅದರ ಕೊಂಬಿನ ಗುರುತು ಇನ್ನೂ ಇದೆ. ಕೊಟ್ಟಿಗೆಯಲ್ಲಿ ಏನೂ ಇಲ್ಲದಿದ್ದರೂ ಬೆಳಿಗ್ಗೆ ಗುಡಿಸುತ್ತೇನೆ.

ಇಷ್ಟು ಬರೆದೆನೆಂದು ನನಗಾಗಿ ಕರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನನಗೇನೂ ಕಡಿಮೆಯಾಗಿಲ್ಲ. ಗೋಧಿಗೆ ಹಸು ಬೇಕು, ಹಸುವಿಗೆ ಮೇವು ಬೇಕು, ಹಸುಗಳು ನಿಮ್ಮ ಮಾತನ್ನಲ್ಲದೆ ಬೇರೆಯವರ ಮಾತು ಕೇಳುವುದಿಲ್ಲ. ನಾನು ಲೆಕ್ಕ ಹಾಕಿದ್ದು ಇಷ್ಟೇ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮೇಲೆ ರೇಗಬೇಡಿ.

ಇಂತಿ,
ಜಗಳದಲ್ಲಿ ನೀವು ಕರೆಯುವ ಹಾಗೆ,
ಗೋಧಿಯಮ್ಮ

ಬರೆಯಲೋ ಬೇಡವೋ ಎಂದು ಬಿಟ್ಟಿದ್ದ ಮಾತು: ನಿನ್ನೆ ಪಕ್ಕದ ಹೊಲದವನು ಬಂದು, ಗೋಧಿ ಸೊಂಪಾಗಿದೆ, ನನ್ನ ಹಸುಗಳನ್ನ ಬಿಡ್ಲಾ ಅಂತ ಕೇಳಿದ. ಬೇಡ, ನಮ್ಮನೆಯವರು ಭಾನುವಾರ ಹಸುಗಳನ್ನ ಕರ್ಕೊಂಡು ಬರ್ತಿದಾರೆ ಅಂದೆ. ನಿಜವಾಗ್ಲೂ ಬರ್ತಾರಾ ಅಂದ. ಬರ್ತೀನಿ ಅಂತ ಅವರೇ ಫೋನ್ ಮಾಡಿದ್ರು ಅಂದೆ. ಅವನು ಖುಷಿಪಟ್ಟು ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿಕೊಂಡು ಹೋದ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಭಾನುವಾರದೊಳಗೆ ಅದನ್ನು ನಿಜ ಮಾಡಿಬಿಡಿ.