ಬಿಸಿ ಇಳಿಯುವ ತನಕ

ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ವ್ಯಾನು ಮಾರಿಲ್ಲ. ಅದರ ಮ್ಯಾನಿಫೋಲ್ಡು ಒಡೆದಿತ್ತು, ಅಷ್ಟೇ. ಇಂಜಿನ್ನಿನ ಹೊಗೆಯನ್ನೆಲ್ಲ ಒಟ್ಟುಗೂಡಿಸಿ ಹಿಂದಿನ ಕೊಳವೆಗೆ ಕಳಿಸುವ ಆ ದಪ್ಪ ಕಬ್ಬಿಣ. ಆ ಹೆಸರಿಗೆ ನಾಲಿಗೆ ಹೊರಳದೆ ನೀನು ಅದನ್ನು ‘ವ್ಯಾನಿನ ಮೂಗು’ ಎನ್ನುತ್ತಿದ್ದೆಯಲ್ಲ, ಅದೇ. ಬದಲಿಗೆ ಎಂಥದ್ದು ಹಾಕಿಸಬೇಕೆಂದು ನಾನು ಒದ್ದಾಡಿದ್ದು ಕೇಳಿದರೆ ನೀನು ನಗುತ್ತೀಯ. ನಗು. ಆ ನಗು ಕೇಳದೆ ಮನೆ ಬಿಕೋ ಎನ್ನುತ್ತಿದೆ.

ಯಡಿಯೂರಿನ ನಮ್ಮ ರಾಗಿ ಹೊಲದಲ್ಲಿ ಜಯನಗರದ ಬೀದಿಗಳಿಗೆಂದು ಕಲ್ಲು ನೆಟ್ಟ ವರ್ಷ ನೆನಪಿದೆಯಾ? ನೀನು ಎತ್ತುಗಳನ್ನು ಮಾರಿ ಈ ಹಳೇ ವ್ಯಾನು ತಂದು, ಅದೇ ಕೊಟ್ಟಿಗೆಯಲ್ಲಿ ನಿಲ್ಲಿಸಿದೆ. ಸಂಜೆ ಸ್ಕೂಲಿನ ಮಕ್ಕಳನ್ನು ಮನೆಮನೆಗೆ ಇಳಿಸಿ ಬಂದರೆ, ಎತ್ತುಗಳಿಗೆ ಮಾಡುತ್ತಿದ್ದ ಹಾಗೇ ಅದರ ಮೈ ತೊಳೆದು, ಬಾನೆಟ್ಟು ಎತ್ತಿ ಇಂಜಿನ್ನಿಗೂ ನೀರು ಸುರಿಯುತ್ತಿದ್ದೆ. “ಹುಲ್ಲು ಹಾಕೋದೊಂದು ಬಾಕಿ ಕಣಪ್ಪ” ಎಂದು ಬೀದಿಯವರು ಆಡಿಕೊಂಡರೆ, “ತಿನ್ನೋದಾದ್ರೆ ಹಾಕ್ತಿದ್ದೆ” ಎನ್ನುತ್ತಿದ್ದೆ.

ನಿನ್ನ ತಿಥಿ ಮುಗಿದ ಮೇಲೆ ನಾನು ಮೊದಲ ಸಲ ವ್ಯಾನು ಓಡಿಸಿಕೊಂಡು ಬಂದ ಸಂಜೆ, ಇಂಜಿನ್ನು ಆರಿಸುವುದಕ್ಕೂ ಮುಂಚೆ ಅಮ್ಮ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಷ್ಟು ದಿನವೂ ಗೋಡೆಗೆ ಮುಖ ಮಾಡಿ ಮಲಗಿದ್ದವಳು. “ಬಿಡಮ್ಮಾ, ನಾನ್ ತೊಳೀತೀನಿ” ಎಂದರೆ, “ಅವರ ಕೆಲ್ಸ. ನಾನೇ ಮಾಡ್ತೀನಿ” ಎಂದಳು. ಅವಳು ಹೊರಗೆ ಬಂದಳಲ್ಲ ಎನ್ನುವುದೇ ನನಗೆ ಸಮಾಧಾನ. ಆಮೇಲೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ಹೋದ ತಿಂಗಳು ಹಿಂದಿನ ಸೀಟಿನ ಒಂದು ಪುಟ್ಟ ಹುಡುಗಿ, “ಅಣ್ಣಾ, ತಲೆ ಸುತ್ತುತ್ತೆ” ಎಂದವಳು ಸ್ಕೂಲಿನ ಗೇಟಿನಲ್ಲೇ ವಾಂತಿ ಮಾಡಿಕೊಂಡಳು. ಹೊಗೆ ಒಳಗೆ ಬರುತ್ತಿತ್ತು. ಮಕ್ಕಳಿಗೆ ಏನಾದರೂ ಆಗಿದ್ದಿದ್ದರೆ... ಅವತ್ತೇ ವ್ಯಾನನ್ನು ನಿನ್ನ ಗೆಳೆಯ ಗಫೂರ್ ಸಾಬರ ಗ್ಯಾರೇಜಿಗೆ ಬಿಟ್ಟೆ. ಅವರು ಬಾನೆಟ್ಟು ಎತ್ತಿ ನೋಡಿ, “ಬಿಸಿ ಇಂಜಿನ್ ಮೇಲೆ ಯಾರಪ್ಪಾ ತಣ್ಣೀರು ಸುರಿಯೋದು? ಬೀಡು ಕಬ್ಬಿಣ ಇದು, ಸೀಳ್ದೆ ಇರ್ತದಾ?” ಎಂದರು.

“ಅಪ್ಪನೂ ದಿನಾ ತೊಳೀತಿದ್ರಲ್ಲ ಸಾಬ್ರೇ?”

“ತೊಳೀತಿದ್ರು. ಆರಿದ್ ಮೇಲೆ.”

ಆಗ ನೆನಪಾಯಿತು. ನೀನು ಬಂದವನೇ ಬಕೆಟ್ಟು ಮುಟ್ಟುತ್ತಿರಲಿಲ್ಲ. ಜಗಲಿಯ ಮೇಲೆ ಕೂತು, “ದಣಿದು ಬಂದ ಜೀವಕ್ಕೆ ತಕ್ಷಣ ನೀರು ಹಾಕ್ಬಾರ್ದು ಕಣ್ಲಾ” ಎಂದು ನಿಧಾನವಾಗಿ ಕಾಫಿ ಕುಡಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, ಆಮೇಲೆ ಏಳುತ್ತಿದ್ದೆ. ಆ ಹೊತ್ತಿನಲ್ಲಿ ಅಮ್ಮ ಒಳಗೆ ಒಲೆಯ ಮುಂದೆ ಇರುತ್ತಿದ್ದಳು. ಅವಳು ಹೊರಗೆ ಬಂದಾಗ ಕಂಡದ್ದು ನೀನು ನೀರು ಸುರಿಯುವುದೊಂದೇ. ನೀನು ಕಾಯುತ್ತಿದ್ದದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ಗಫೂರ್ ಸಾಬರು ಎರಡು ದಾರಿ ಹೇಳಿದರು. ಸೀಳಿದ್ದಕ್ಕೆ ವೆಲ್ಡಿಂಗು ನಿಲ್ಲುವುದಿಲ್ಲ. ಉಕ್ಕಿನ ಪೈಪು ಬಗ್ಗಿಸಿ ಹೊಸದು ಮಾಡಿಸಬಹುದು: ಎಷ್ಟು ನೀರು ಸುರಿದರೂ ಜಗ್ಗುವುದಿಲ್ಲ, ಆದರೆ ಬೇಗ ತುಕ್ಕು ಹಿಡಿದು ತೂತು ಬೀಳುತ್ತದೆ. ಅದು ಕಣ್ಣಿಗೆ ಬೀಳುವ ಮೊದಲೇ ಹೊಗೆ ಮತ್ತೆ ಒಳಗೆ ನುಗ್ಗಿದರೆ? ಇನ್ನೊಂದು, ಇಂಥದ್ದೇ ಹಳೇ ಗಾಡಿಯಿಂದ ತೆಗೆದು ಗುಜರಿಯಲ್ಲಿ ಸಿಕ್ಕ, ಮೊದಲಿನ ಹಾಗೇ ಬೀಡು ಕಬ್ಬಿಣದ್ದು. “ನಿನ್ ಮಕ್ಕಳ ಕಾಲಕ್ಕೂ ಬರ್ತದೆ. ಆರೋ ತನಕ ನೀರು ಮಾತ್ರ ಬೇಡ.”

ಪೈಪಿನದೇ ಇರಲಿ ಎಂದು ಹೇಳಲು ಬಾಯಿ ತೆರೆದಿದ್ದೆ. ಇಲ್ಲದಿದ್ದರೆ ಅಮ್ಮನಿಗೆ ಏನೆಂದು ಹೇಳುವುದು? ‘ಅಪ್ಪನ ವ್ಯಾನನ್ನು ಒಡೆದದ್ದು ನಿನ್ನ ಬಕೆಟ್ಟು ಕಣಮ್ಮಾ’ ಅಂತಲೇ? ಅವಳು ಮತ್ತೆ ಗೋಡೆಗೆ ಮುಖ ತಿರುಗಿಸಿಬಿಟ್ಟರೆ... ಯಾವುದೆಂದು ನಾಳೆ ಹೇಳುತ್ತೇನೆ ಎಂದು ಸಾಬರಿಗೆ ತಿಳಿಸಿ ಮನೆಗೆ ಬಂದೆ. ಅಮ್ಮ ಖಾಲಿ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದಳು. ಒಲೆ ಹೊತ್ತಿರಲಿಲ್ಲ. ಆಗ ಹೊಳೆಯಿತು ನೋಡು: ನೀನು ಹೋದಂದಿನಿಂದ ಈ ಮನೆಯಲ್ಲಿ ಸಂಜೆಯ ಕಾಫಿಯೇ ಇಲ್ಲ. ಅವಳು ಮಾಡಲಿಲ್ಲ, ನಾನೂ ಕೇಳಲಿಲ್ಲ.

ಬೆಳಗ್ಗೆ ಎದ್ದು ಬೀಡಿನದನ್ನೇ ಹಾಕಿಸಿದೆ.

ವ್ಯಾನು ಮನೆಗೆ ಬಂದ ಸಂಜೆ ಅಮ್ಮ ಎಂದಿನಂತೆ ಬಕೆಟ್ಟು ಎತ್ತಿದಳು. ನಾನು ಜಗಲಿಯಲ್ಲಿ ನಿನ್ನ ಜಾಗದಲ್ಲಿ ಕೂತು, “ಅಮ್ಮಾ, ಮೊದ್ಲು ಕಾಫಿ ಕೊಡು. ಗಂಟಲು ಒಣಗೋಗೈತೆ” ಎಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಬಕೆಟ್ಟು ಇಳಿಸಿ ಒಳಗೆ ಹೋದಳು. ಕಾಫಿ ತಂದಾಗ, “ನೀನೂ ತಗೊಂಡು ಬಾ, ಕೂತ್ಕೋ” ಎಂದೆ. ಇಷ್ಟು ವರ್ಷದಲ್ಲಿ ಅವಳು ಆ ಜಗಲಿಯ ಮೇಲೆ ಕೂತದ್ದು ಅದೇ ಮೊದಲು.

“ನಿಮ್ಮಪ್ಪ ಇಷ್ಟ್ ಹೊತ್ತು ಒಬ್ರೇ ಕೂತ್ಕೊಂಡು ಏನ್ ಮಾಡ್ತಿದ್ರೋ?” ಎಂದು ಕೇಳಿದಳು.

“ವ್ಯಾನಿನ ಬಿಸಿ ಇಳೀಲಿ ಅಂತ ಕಾಯ್ತಿದ್ರಮ್ಮಾ.”

ಅವಳಿಗೆ ಅರ್ಥವಾಯಿತೆಂದು ನನಗನ್ನಿಸಿತು. ಅವಳು ಲೋಟ ಕೆಳಗಿಟ್ಟು ಎದ್ದು ಹೋಗಿ, ಥೇಟ್ ನಿನ್ನ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. “ಇನ್ನೂ ಬಿಸಿ ಐತೆ” ಎಂದು ಹಿಂದಕ್ಕೆ ಬಂದು ನನ್ನ ಪಕ್ಕ ಕೂತಳು.

ಈಗ ದಿನವೂ ಹಾಗೇ. ಮಕ್ಕಳು ಚೆನ್ನಾಗಿದ್ದಾರೆ, ಹೊಗೆಯಿಲ್ಲ. ಅಮ್ಮ ಸಂಜೆ ಕಾಫಿ ಕುಡಿಯುತ್ತಾಳೆ, ಅಪ್ಪಾ. ಕುಡಿಯುತ್ತ ನಿನ್ನ ಮಾತು ತೆಗೆಯುತ್ತಾಳೆ. ಕೆಲವು ಸಲ ವ್ಯಾನು ಆರಿ ಎಷ್ಟೋ ಹೊತ್ತಾಗಿರುತ್ತದೆ. ಅವಳು ಏಳುವುದಿಲ್ಲ. ನಾನೂ ನೆನಪಿಸುವುದಿಲ್ಲ.

ನಿನ್ನ ಮಗ,
ರಂಗ