ಅಮೃತಾಳ ಸೀನು

ತಿರ್ಲಾಪುರ
೨೧ ಜನವರಿ ೨೦೨೫

ಮುದ್ದಿನ ಮಹಾದೇವಿಗೆ,

ನಿನ್ನ ಅಕ್ಕನ ತುಂಬು ಹರಕೆ. ಸಂಕ್ರಾಂತಿಗೆ ನಾನು ಅಳ್ನಾವರಕ್ಕೆ ಬಂದಾಗ ನೀನು ಕೇಳಿದ ಮಾತಿಗೆ ಆವತ್ತೇ ಉತ್ತರ ಕೊಡಬೇಕಿತ್ತು. ಬಸ್ಸಿನ ನೆವ ಹೇಳಿ ಎದ್ದು ಬಂದೆ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಅತ್ತೆಯವರ ಕಿವಿ, ಅಲ್ಲಿ ನಿನ್ನ ಪಕ್ಕದಲ್ಲೇ ನನ್ನ ಮಗಳು ಅಮೃತಾ. ಅದಕ್ಕೇ ಈ ಕಾಗದ.

ಕೂಸು ಅಡ್ಡ ಮಲಗಿದೆ, ಆಪರೇಶನ್ನೇ ಆಗಬಹುದು ಅಂದಿದ್ದಾರೆ ನಿನ್ನ ಡಾಕ್ಟರು. ‘ನನ್ನ ಕೂಸಿಗೂ ಅಮೃತಾನ ಗತಿನ ಆಗತೈತೇನ ಅಕ್ಕಾ?’ ಅಂತ ಕೇಳಿದೆಯಲ್ಲ, ಆಪರೇಶನ್ನಿನಿಂದ ಹುಟ್ಟಿದ ಅವಳ ಸೀನು ಕಂಡು. ಇಲ್ಲ ನನ್ನವ್ವಾ, ಹೆದರಬೇಡ. ಹುಬ್ಬಳ್ಳಿಯ ಮೂಗಿನ ಡಾಕ್ಟರಿಗೆ ನಾನೂ ಇದನ್ನೇ ಅತ್ತುಕೊಂಡು ಕೇಳಿದ್ದೆ. ‘ಸಹಜ ಹೆರಿಗ್ಯಾಗ ತಾಯಿ ಕಡಿಂದ ಒಳ್ಳೆ ಜೀವಾಣು ಕೂಸಿಗೆ ಹತ್ತತಾವ್ರಿ, ಹಾಲಿಗೆ ಹೆಪ್ಪು ಹಾಕಿದಂಗ. ಆಪರೇಶನ್ನಿನ್ಯಾಗ ಅವು ಕಡಿಮಿ. ಆದ್ರ ಅದರಿಂದನ ಅಲರ್ಜಿ ಬಂತು ಅಂತ ಖಾತ್ರಿಲೆ ಹೇಳಾಕ ಬರಂಗಿಲ್ರಿ. ಆಪರೇಶನ್ ಆದ ಎಷ್ಟೋ ಹುಡುಗ್ರು ಅಗದಿ ಆರಾಮ ಅದಾವು’ ಅಂದರು.

ಆ ಜೀವಾಣುವಿನ ಹನಿ ಔಷಧವನ್ನು ಅಮೃತಾ ಹುಟ್ಟಿದಾಗಲೇ ಹೆರಿಗೆ ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ನಮ್ಮತ್ತೆ ನೀಲಕ್ಕನವರು ‘ಹಸಿಗೂಸಿಗೆ ಹುಳ ಕುಡಸ್ತೀಯೇನ?’ ಎಂದು ರಂಪ ಮಾಡಿದರೂ ಬಿಡದೆ ಹಾಕಿದೆ. ಸೀನು ತಪ್ಪಿತೇ? ಇಲ್ಲ. ಹಾಕದಿದ್ದರೆ ಇನ್ನೂ ಹೆಚ್ಚುತ್ತಿತ್ತೋ ಏನೋ, ಯಾರಿಗೆ ಗೊತ್ತು. ನಿನ್ನ ಡಾಕ್ಟರು ಹೇಳಿದರೆ ಹಾಕು, ಇಲ್ಲದಿದ್ದರೆ ಬಿಡು. ಆಪರೇಶನ್ನಿಗೆ ಮಾತ್ರ ಹಿಂದೆಮುಂದೆ ನೋಡಬೇಡ.

ಇಲ್ಲಿ ಪಡಸಾಲೆಯಲ್ಲಿ ಹತ್ತಿ ಜಂತಿಯವರೆಗೆ ಬಿದ್ದಿದೆ. ಈ ದೂಳಿನಲ್ಲಿ ಅಮೃತಾ ಇದ್ದಿದ್ದರೆ ಕಣ್ಣು ಮೂಗು ಕೆಂಡವಾಗುತ್ತಿದ್ದವು. ಸುಗ್ಗಿ ಮುಗಿಯುವವರೆಗೆ ಅವಳನ್ನು ನಿನ್ನ ಹತ್ತಿರ ಬಿಟ್ಟದ್ದೇ ಒಳ್ಳೆಯದಾಯಿತು. ಅತ್ತೆ ಮಾತ್ರ ಬಂದವರ ಮುಂದೆಲ್ಲ ‘ಕೊಯ್ದು ತಗದ ಕೂಸು, ಹಿಂಗ ಆಗದ ಇನ್ನೇನ ಆದೀತು’ ಅಂತಾರೆ. ನಮ್ಮ ಮನೆಯವರು ಚೀಲಕ್ಕೆ ಹತ್ತಿ ತುಳಿಯುತ್ತ ಕೇಳದವರಂತೆ ಇರುತ್ತಾರೆ.

ದಿನವೆಲ್ಲ ಹೊಲದಲ್ಲಿ ಹತ್ತಿ ಬಿಡಿಸಿ ಸಂಜೆ ಮನೆಗೆ ಬಂದರೆ ಸೀನುವವರೇ ಇಲ್ಲ. ಹಾಳು ಸೀನು ಯಾವಾಗ ನಿಂತೀತೋ ಅಂತ ಬೈದವಳು ನಾನೇ. ಈಗ ಮನೆ ಬಣಬಣ ಅನ್ನುತ್ತದೆ ಮಹಾದೇವಿ. ಅವಳ ಮೂಗೊರೆಸುವ ಬಟ್ಟೆಗಳನ್ನು ಸುಮ್ಮಸುಮ್ಮನೆ ಒಗೆದು, ಒಣಗಿಸಿ, ಮತ್ತೆ ಮಡಚಿಡುತ್ತೇನೆ.

ಅವ್ವ ಇಲ್ಲವೆಂದು ಕೊರಗಬೇಡ, ಬಾಣಂತನಕ್ಕೆ ನಾನೇ ಬರುತ್ತೇನೆ. ಹೆರಿಗೆ ಸುಸೂತ್ರವಾಗಲಿ, ನೀನೂ ನಿನ್ನ ಕೂಸೂ ತಣ್ಣಗಿರಿ.

ನಿನ್ನ ಅಕ್ಕ
ದಾನೇಶ್ವರಿ

ತಾ.ಕ.: ಸಂಕ್ರಾಂತಿಯ ದಿನ ಬಾಗಿಲಲ್ಲೇ ಅಮೃತಾಳನ್ನು ಅಪ್ಪಿಕೊಂಡೆ, ಸೀನತೊಡಗಿದಳು. ನನ್ನ ಬಟ್ಟೆಯ ದೂಳೆಂದು ನೀನೇ ಎರೆದುಕೊಳ್ಳಲು ಬಿಸಿನೀರು ಕೊಟ್ಟು, ನಿನ್ನ ಹಸಿರು ಸೀರೆ ಉಡಲು ಕೊಟ್ಟೆ. ಆಮೇಲೆ ನೀನು ಅಂಗಡಿಗೆ ಹೋದಾಗ ನಾನು ಒಲೆಯ ಮುಂದೆ ನಿಂತಿದ್ದೆ. ಅವಳು ಹಿಂದಿನಿಂದ ಬಂದು ನೀನೆಂದೇ ತಬ್ಬಿ, ಸೀರೆಯಲ್ಲಿ ಮಾರಿ ಹುದುಗಿಸಿ, ‘ಚಿಗವ್ವಾ, ಅವ್ವ ಹೋದ್ಲನ? ಆಕಿ ಬಂದ್ರ ನನಗ ಸೀನು ಬರ್ತಾವು’ ಅಂದಳು. ಒಂದು ಸೀನೂ ಬರಲಿಲ್ಲ ಅವಳಿಗೆ. ತಿರುಗಿದರೆ ಬಿಟ್ಟಾಳೆಂದು ತಿರುಗದೆಯೇ ‘ಹೂಂ’ ಅಂದೆ. ಬಾಣಂತನಕ್ಕೆ ಬಂದಾಗಲೂ ಆ ಹಸಿರು ಸೀರೆಯನ್ನೇ ಕೊಡು.